ಹಾಜರಿ ಪುಸ್ತಕದಲ್ಲಿದ್ದ ಹೆಸರು

ನಾನಿರುವ ಊರಿನ ಹೆಸರು ಸಚಿನ್. ಹಾಗೆಂದಾಗಲೆಲ್ಲ ಹಾಸನದ ನಮ್ಮ ಚಿಕ್ಕಮ್ಮ 'ತೆಂಡೂಲ್ಕರ್ ಹೆಸರೇನೋ?' ಎನ್ನುತ್ತಾರೆ. ಅಲ್ಲ, ಸೂರತ್ ಪಕ್ಕದ ಹಳೆಯ ನವಾಬರ ಸಂಸ್ಥಾನ ಇದು. ಈಗ ಬಟ್ಟೆ ಗಿರಣಿಗಳ ಕೈಗಾರಿಕಾ ಪ್ರದೇಶ. ಇಲ್ಲಿನ ಗಿರಣಿಯೊಂದರ ಹಾಜರಿ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ.

ಕಳೆದ ವರ್ಷ ಅಲ್ಲಿ ನೂಲಿನ ಪೆಟ್ಟಿಗೆಗಳು ಕಾಣೆಯಾದವು. 'ರಾತ್ರಿ ಗೋದಾಮಿಗೆ ಯಾರು ಹೋಗಿದ್ದರು, ಪಟ್ಟಿ ಕೊಡಿ ಭಾಯಿ' ಎಂದರು ಮ್ಯಾನೇಜರ್. ಐದೇ ನಿಮಿಷದಲ್ಲಿ ಕೊಟ್ಟೆ. ಒಡಿಶಾದ ಹುಡುಗನೊಬ್ಬನ ಬೆರಳಚ್ಚು ಅದರಲ್ಲಿತ್ತು. 'ಕದ್ದಿಲ್ಲ ಅಂತ ಅವನೇ ತೋರಿಸಲಿ' ಎಂದು ಅಂದೇ ಹೊರಹಾಕಿದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಇದೇ ಸೂರತ್‌ನಲ್ಲಿ 2001ರ ಡಿಸೆಂಬರ್‌ನಲ್ಲಿ ಸಭೆಯೊಂದಕ್ಕೆ ಬಂದಿದ್ದ 127 ಜನರನ್ನು ನಿಷೇಧಿತ ಸಿಮಿ ಸಂಘಟನೆಯವರೆಂದು ಯುಎಪಿಎ ಅಡಿ ಬಂಧಿಸಲಾಯಿತು. ಅಲ್ಪಸಂಖ್ಯಾತರ ಶಿಕ್ಷಣದ ಬಗೆಗಿನ ಸಭೆಗೆ ಬಂದಿದ್ದೆವು ಎಂದರು ಅವರು. ಸಭಾಂಗಣದಲ್ಲಿ ಇದ್ದದ್ದು ನಿಜ. ಸಿಮಿಗಾಗಿ ಸೇರಿದ್ದರು ಎಂಬುದಕ್ಕೆ ನಂಬುವಂಥ ಸಾಕ್ಷ್ಯ ಇರಲಿಲ್ಲ. ಸೂರತ್ ನ್ಯಾಯಾಲಯ ಅದನ್ನು ಹೇಳಿ ಖುಲಾಸೆ ಮಾಡಿದ್ದು 2021ರ ಮಾರ್ಚ್ 6ರಂದು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಆರೋಪ ಹೊರಿಸಿದವರೇ ಸಾಬೀತು ಮಾಡಬೇಕು ಎಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಮಾನ್ಯವಾಗಿ ಸಾಕ್ಷ್ಯವಲ್ಲ. ಟಾಡಾ ಅದಕ್ಕೆ ಬಾಗಿಲು ತೆರೆದಿತ್ತು. ಅದರಲ್ಲಿ ಸಿಕ್ಕವರು ನಮ್ಮವರೇ: 1994ರಲ್ಲಿ ಕಲಬುರಗಿಯಲ್ಲಿ ಬಂಧಿತನಾದ ಫಾರ್ಮಸಿ ವಿದ್ಯಾರ್ಥಿ. ಮುಂಬೈಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದ ಅಣ್ಣನನ್ನೂ ಹಿಡಿದರು. ಪರವೂರಲ್ಲಿ ದುಡಿಯುವ ನನಗೆ ಆ ಅಣ್ಣನ ಸುದ್ದಿಯೇ ಹೆಚ್ಚು ಕಾಡಿತು. ತಪ್ಪೊಪ್ಪಿಗೆ ನಿಲ್ಲದೆ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದ್ದು 2016ರ ಮೇ ತಿಂಗಳಲ್ಲಿ. ತಮ್ಮ ಹೊರಬರುವಾಗ 20 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ.

ಗಿರಣಿ ಕಳ್ಳತನ ಅಷ್ಟು ದೊಡ್ಡದಲ್ಲ, ಪೊಲೀಸರವರೆಗೂ ಹೋಗಲಿಲ್ಲ. ಒಂಬತ್ತು ದಿನದ ಮೇಲೆ ಪೆಟ್ಟಿಗೆಗಳು ಇನ್ನೊಂದು ಶೆಡ್‌ನಲ್ಲಿ ಸಿಕ್ಕವು. ಚಲನ್‌ನಲ್ಲಿ ಶೆಡ್ ನಂಬರ್ ತಪ್ಪಾಗಿ ಬರೆದಿದ್ದರು. ನನ್ನ ಪಟ್ಟಿ ಹೇಳಿದ್ದು ಅವನು ಗೋದಾಮಿಗೆ ಹೋಗಿದ್ದ ಎಂದಷ್ಟೇ. ಅದನ್ನು ಅಂದೇ ಹೇಳಬಹುದಿತ್ತು.

ಅವನ ಕಾರ್ಡಿನ ತಡೆ ತೆಗೆದೆ. ಮ್ಯಾನೇಜರ್ ಫೋನ್ ಮಾಡಿದಾಗ ಅವನು ಆಗಲೇ ಊರಿನ ರೈಲು ಹತ್ತಿದ್ದ. ಹಾಜರಿಯಲ್ಲಿ ಅವನ ಹೆಸರು ಇನ್ನೂ ಇದೆ, ಮುಂದಿನ ಖಾನೆಗಳು ಖಾಲಿ.