ಅಟ್ಟದ ಮೇಲಿನ ಕತ್ತಿ ಯಾರದು?

ಮಹಾನವಮಿ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಖಂಡೇಪೂಜೆಗೆಂದು ಕುಡಗೋಲು, ಕೊಡಲಿ, ಹಳೇ ಕತ್ತಿ ಎಲ್ಲವೂ ಹೊರಗೆ ಬರುತ್ತವೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಬರ್ಮಾ ಯುದ್ಧಕ್ಕೆ ಹೋಗಿ ಬಂದಿದ್ದರೆ, ಅವುಗಳಲ್ಲೊಂದು ಜಪಾನಿನದಾಗಿದ್ದರೂ ಇರಬಹುದು, ಸೋದರಿಯರೇ!

ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಒಂದು ಪಡೆಯನ್ನು ನಡೆಸಿ, 1945ರಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಹೋರಾಡಿದರು. (ಹೆಸರು ಹೈದರಾಬಾದ್ ಆದರೂ ಅದು ನಿಜಾಮರ ಸೈನ್ಯವಲ್ಲ, ಇಂದಿನ ಕುಮಾವ್ ರೆಜಿಮೆಂಟ್.) ಅದೇ ವರ್ಷ ಜಪಾನ್ ಶರಣಾದಾಗ ಅದರ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಒಪ್ಪಿಸಿದರು. ಅವುಗಳಲ್ಲಿ ಹಲವು ನೆನಪಿಗೆಂದು ಗೆದ್ದವರ ಮನೆ ಸೇರಿದವು.

ಗುರುತಿಸುವುದು ಹೇಗೆ? ಒಟ್ಟು ಉದ್ದ ಸುಮಾರು 3 ಅಡಿ. ಒಂದೇ ಕಡೆ ಅಲಗು, ತುಸು ಬಾಗು, ಎರಡು ಕೈಯಲ್ಲಿ ಹಿಡಿಯುವಷ್ಟು ಉದ್ದನೆಯ ಹಿಡಿ. ಹಿಡಿಗೆ ಮೀನಿನ ಒರಟು ಚರ್ಮ, ಅದರ ಮೇಲೆ ಶಂಕರಪೋಳಿಯ ಆಕಾರ ಕಾಣುವಂತೆ ಸುತ್ತಿದ ಪಟ್ಟಿ, ಲೋಹದ ಭಾಗಗಳ ಮೇಲೆ ಚೆರ್ರಿ ಹೂವು ಇದ್ದರೆ ಅದು ಸೇನಾಧಿಕಾರಿಯದಿರಬಹುದು. ಹಿಡಿಯೆಲ್ಲ ಎರಕದ ಲೋಹವಾಗಿದ್ದು ಅಲಗಿನ ಮೇಲೆ ನಂಬರು ಒತ್ತಿದ್ದರೆ, ಅದು ಹವಾಲ್ದಾರ್ ದರ್ಜೆಯವರದು. ಕೆಲವು ಅಧಿಕಾರಿಗಳು ಕಾರ್ಖಾನೆಯ ಕತ್ತಿಯ ಬದಲು ಮನೆತನದ ನೂರಾರು ವರ್ಷದ ಅಲಗನ್ನೇ ಯುದ್ಧಕ್ಕೆ ಒಯ್ದಿದ್ದರು. ನಕಲಿ ಕತ್ತಿಗಳೂ ಬಹಳ. ತಿಳಿದವರಿಗೆ ತೋರಿಸದೆ ಬೆಲೆ ಕಟ್ಟಬೇಡಿ.

ಇನ್ನು ಮುಖ್ಯ ಮಾತು. ಹುಣಸೆಹಣ್ಣು, ಬೂದಿ, ಮರಳುಕಾಗದ ಹಚ್ಚಿ ತಿಕ್ಕಲೇಬೇಡಿ! ಅಲಗಿನಂಚಿನ ಹಾಲುಬಿಳುಪಿನ ಅಲೆಗೆರೆ ಅಳಿಸಿಹೋದರೆ ಕತ್ತಿಯ ಬೆಲೆಯೂ ಹೋಯಿತು. ಬರಿಗೈ ತಾಗಿಸಬೇಡಿ, ಬೆವರಿಗೆ ತುಕ್ಕು ಹಿಡಿಯುತ್ತದೆ. ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು. ಕುಸುಬಿ ಎಣ್ಣೆ ಅಂಟಾಗುತ್ತದೆ. ಕುಂಕುಮವನ್ನು ಅಲಗಿಗಲ್ಲ, ಮುಂದಿಟ್ಟ ತಟ್ಟೆಗೆ ಇಡಿ. ಹಿಡಿಯನ್ನು ನೀವಾಗಿ ಬಿಚ್ಚಬೇಡಿ. ಮಾಡಿದವನ ಹೆಸರು ಅದರೊಳಗಿನ ಕಬ್ಬಿಣದ ಮೇಲೆ ಇರಬಹುದು. ಮಕ್ಕಳ ಕೈಗೆ ಸಿಗದಂತಿರಲಿ.

9 ಅಂಗುಲಕ್ಕಿಂತ ಉದ್ದದ ಕತ್ತಿ ಕಾನೂನಿನ ಕಣ್ಣಿಗೆ ಆಯುಧವೇ. ಮಾರುವ, ಸಾಗಿಸುವ ಮುಂಚೆ ಪೊಲೀಸ್ ಠಾಣೆಯಲ್ಲಿ ಕೇಳಿ. ಗುಜರಿಯವನಿಗೆ ತೂಕಕ್ಕಂತೂ ಹಾಕಬೇಡಿ.

ಒರೆಗೆ ಜಪಾನಿ ಅಕ್ಷರದ ಚೀಟಿಯೋ ಮರದ ತುಂಡೋ ಕಟ್ಟಿದ್ದರೆ ಕಸವೆಂದು ಬಿಸಾಡದಿರಿ. ಶರಣಾಗುವಾಗ ಒಡೆಯನೇ ಬರೆದಿಟ್ಟ ಹೆಸರು, ಊರು ಅದರಲ್ಲಿರಬಹುದು. ಅಲ್ಲಿಯೂ ಒಂದು ಮನೆ, ಹಿಂದಿರುಗದ ಮಗನಿಗಾಗಿ ಅತ್ತ ಒಬ್ಬ ತಾಯಿ ಇದ್ದಿರಬೇಕಲ್ಲವೇ? ಇಟ್ಟುಕೊಳ್ಳುವುದೋ, ಅವರ ವಂಶದವರನ್ನು ಹುಡುಕಿ ಮರಳಿಸುವುದೋ, ಮನೆಮಂದಿ ಕೂತು ತೀರ್ಮಾನಿಸಿ. ಅದಕ್ಕೂ ಮೊದಲು, ಕತ್ತಿ ಮನೆಗೆ ಬಂದ ಕತೆಯನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಿ. ಆ ಕೆಲಸ ಮಾತ್ರ ನಾಳೆಗೆ ಬೇಡ.