ರಾಶಿಗಳ ಪರಸ್ಪರ ಸಂಬಂಧ: ನೌಬಾದದ ಕರೇಜಿನ ಬಳಿ ಎದ್ದ ಎರಡು ಪ್ರಶ್ನೆಗಳು

ಬೀದರ ನಗರದ ಅಂಚಿನಲ್ಲಿರುವ ನೌಬಾದದ ಕರೇಜು ಬಹಮನೀ ಕಾಲದ ಜಲವ್ಯವಸ್ಥೆಗಳಲ್ಲಿ ಗಣ್ಯವಾದುದು. ಅಹ್ಮದ್ ಷಾಹನ (೧೪೨೨–೧೪೩೬) ಕಾಲದಲ್ಲಿ ರಾಜಧಾನಿಯು ಕಲಬುರಗಿಯಿಂದ ಬೀದರಕ್ಕೆ ಬಂದ ಮೇಲೆ, ಈ ಎತ್ತರದ ಜಂಬಿಟ್ಟಿಗೆಯ ನೆಲದಲ್ಲಿ ನೀರನ್ನು ಒದಗಿಸುವ ಕಾರ್ಯವು ಆಳುವವರ ಮುಖ್ಯ ಚಿಂತೆಯಾಯಿತು. ಪಾರಸಿಕ ದೇಶದ ಪದ್ಧತಿಯಂತೆ ನೆಲದೊಳಗೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸುರಂಗವನ್ನು ತೆಗೆದು, ಅದರ ಮೇಲೆ ಸಾಲಾಗಿ ಗಾಳಿಬಾವಿಗಳನ್ನು ತೋಡಿ, ಅಂತರ್ಜಲವನ್ನು ಯಾವ ಯಂತ್ರದ ನೆರವೂ ಇಲ್ಲದೆ ಹೊರಕ್ಕೆ ಹರಿಸಿದ್ದಾರೆ.

ಇತಿಹಾಸದ ವಿದ್ಯಾರ್ಥಿಗಳೊಡನೆ ಈ ಸ್ಥಳವನ್ನು ನೋಡಲು ಹೋದಾಗ ಅವರ ಜೊತೆಗೆ ವಿಜ್ಞಾನ ವಿಭಾಗದ ಕೆಲವರೂ ಬಂದಿದ್ದರು. ಗಾಳಿಬಾವಿಯ ಕಟ್ಟೆಯ ಬಳಿ ಅವರಲ್ಲಿ ಇಬ್ಬರು ಎರಡು ಪ್ರಶ್ನೆಗಳನ್ನು ಕೇಳಿದರು. ಮೊದಲನೆಯದು: "ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು ಎಂದು ಪಾಠದಲ್ಲಿದೆ. ಹತ್ತು ಹಣ್ಣುಗಳನ್ನು ಇಬ್ಬರಿಗೆ ಭಾಗಿಸಬಹುದು. ದೂರವನ್ನು ಗಂಟೆಗಳಿಗೆ ಭಾಗಿಸುವುದೆಂದರೇನು?" ಎರಡನೆಯದು: "ಸುರಂಗದ ಇಳಿಜಾರು ಎರಡರಷ್ಟಾದರೆ ನೀರಿನ ವೇಗವೂ ಎರಡರಷ್ಟಾಗುವುದಲ್ಲವೇ?"

ಈ ಬಗೆಯ ಪ್ರಶ್ನೆಗಳಿಗೆ ತರಗತಿಗಳಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಸೂತ್ರವನ್ನು ಬಾಯಿಪಾಠ ಮಾಡು, ಬೆಲೆಗಳನ್ನು ಹಾಕು, ಉತ್ತರ ಬರುತ್ತದೆ. ಪ್ರಸ್ತುತ ಲೇಖಕನಿಗೂ ಬಾಲ್ಯದಲ್ಲಿ ಅದೇ ಉತ್ತರ ದೊರಕಿತ್ತು. ಭೌತಶಾಸ್ತ್ರವನ್ನು ಬಿಟ್ಟು ಇತಿಹಾಸದ ಕಡೆಗೆ ತಿರುಗಿದುದಕ್ಕೆ ಅದೂ ಒಂದು ಕಾರಣ. ಆದರೆ ಇತಿಹಾಸವನ್ನು ಓದಿದ ಮೇಲೆ ಕಂಡುಬಂದ ಸಂಗತಿಯೆಂದರೆ, ಈ ಎರಡು ಪ್ರಶ್ನೆಗಳೂ ಮಂದಬುದ್ಧಿಯ ಲಕ್ಷಣಗಳಲ್ಲ. ಗಣಿತಜ್ಞರೂ ಭೌತವಿಜ್ಞಾನಿಗಳೂ ಶತಮಾನಗಳ ಕಾಲ ಇವನ್ನೇ ವಿಚಾರಿಸಿದ್ದಾರೆ. ಆ ವಿಚಾರದ ಒಂದು ಮುಖ್ಯ ನೆಲೆ ನಮ್ಮ ನೆರೆಯಲ್ಲಿಯೇ ಇದೆ.

೧. ತ್ರೈರಾಶಿಕ

ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಆ ಅರಸನನ್ನು ಸ್ತುತಿಸಿ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಬಳಿಕ ಇದು ವಿದ್ವಲ್ಲೋಕಕ್ಕೆ ಸುಪರಿಚಿತವಾಯಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವೇ ಮೊದಲಾದ ಕೃತಿಗಳಿಂದ ಈ ವಿದ್ಯೆಯನ್ನು ಕನ್ನಡಕ್ಕೆ ತಂದನು.

ಮಹಾವೀರನ ಗ್ರಂಥದಲ್ಲಿ ಒಂದು ಅಧ್ಯಾಯವೇ ತ್ರೈರಾಶಿಕಕ್ಕೆ ಮೀಸಲಾಗಿದೆ. ಈ ವಿಧಾನವು ಅವನಿಗಿಂತಲೂ ಹಳೆಯದು. ೪೯೯ರ 'ಆರ್ಯಭಟೀಯ'ದಲ್ಲಿಯೇ ಇದರ ಸೂತ್ರವಿದೆ. ಮೂರು ರಾಶಿಗಳು ತಿಳಿದಿರುತ್ತವೆ, ನಾಲ್ಕನೆಯದು ಬೇಕು. ತಿಳಿದ ಅಳತೆ ಪ್ರಮಾಣ, ಅದಕ್ಕೆ ದೊರೆತದ್ದು ಫಲ, ನಾವು ಕೇಳುವ ಅಳತೆ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲವು ಬರುತ್ತದೆ. ಪ್ರಾಚೀನರು ವಿಧಿಸಿದ ಒಂದು ಕಟ್ಟಳೆಯನ್ನು ಇಲ್ಲಿ ಗಮನಿಸಬೇಕು: ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು, ಫಲವು ಬೇರೆ ಜಾತಿಯದಾಗಿರಬಹುದು. ಎಂದರೆ, ರಾಶಿಗಳಿಗೆ ಜಾತಿಯುಂಟೆಂಬುದನ್ನೂ, ಲೆಕ್ಕ ಹಾಕುವ ಮೊದಲು ಅದನ್ನು ನೋಡಬೇಕೆಂಬುದನ್ನೂ ಅವರು ಮನಗಂಡಿದ್ದರು.

ಈ ಸೀಮೆಯ ಹಿರಿಯರಿಗೆ ಪರಿಚಿತವಾಗಿದ್ದ ಒಂದು ಉದಾಹರಣೆಯನ್ನು ಕೊಡಬಹುದು. ನಿಜಾಮರ ಆಳ್ವಿಕೆಯಲ್ಲಿ ಬೀದರ ಜಿಲ್ಲೆಯಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ ರೂಪಾಯಿ. ಅದರ ೭ ರೂಪಾಯಿಗಳು ಬ್ರಿಟಿಷ್ ಭಾರತದ ೬ ರೂಪಾಯಿಗಳಿಗೆ ಸಮವಾಗಿದ್ದವು. ೮೪ ಹಾಲಿ ರೂಪಾಯಿಗಳನ್ನು ಕಟ್ಟಿಕೊಂಡು ಸೊಲ್ಲಾಪುರದ ಪೇಟೆಗೆ ಹೋದವನಿಗೆ ಅಲ್ಲಿ ಎಷ್ಟು ಸಿಕ್ಕೀತು? ಪ್ರಮಾಣ ೭, ಫಲ ೬, ಇಚ್ಛೆ ೮೪. ಆರನ್ನು ಎಂಬತ್ತನಾಲ್ಕರಿಂದ ಗುಣಿಸಿ ಏಳರಿಂದ ಭಾಗಿಸಿದರೆ ೭೨.

೨. ಬಿಲವನ್ನು ಹೊಗುವ ಹಾವು

ವಿದ್ಯಾರ್ಥಿಯ ಮೊದಲನೆಯ ಪ್ರಶ್ನೆಗೆ ಬೇಕಾದ ಸಾಮಗ್ರಿ ಮಹಾವೀರನ ಒಂದು ಲೆಕ್ಕದಲ್ಲಿದೆ. ೮೦ ಹಸ್ತ ಉದ್ದದ ಕರಿಯ ಹಾವೊಂದು ಬಿಲವನ್ನು ಹೊಗುತ್ತಿದೆ. ಒಂದು ದಿನವನ್ನು ಹದಿನಾಲ್ಕು ಭಾಗ ಮಾಡಿದರೆ ಅದರಲ್ಲಿ ಐದು ಭಾಗದಷ್ಟು ಕಾಲಕ್ಕೆ ಅದು ಏಳೂವರೆ ಅಂಗುಲ ಒಳಗೆ ಹೋಗುತ್ತದೆ. ಆದರೆ ಕಾಲು ದಿನಕ್ಕೆ ಎರಡೂಮುಕ್ಕಾಲು ಅಂಗುಲದಂತೆ ಅದರ ಬಾಲವೂ ಬೆಳೆಯುತ್ತಿದೆ. ಹಾವು ಪೂರ್ತಿಯಾಗಿ ಬಿಲದೊಳಗೆ ಸೇರಲು ಎಷ್ಟು ದಿನ ಬೇಕು?

ಎರಡು ಚಲನೆಗಳನ್ನು ಕೊಟ್ಟಿರುವ ಕಾಲಗಳು ಬೇರೆ ಬೇರೆಯಾದುದರಿಂದ ಅವನ್ನು ಹಾಗೆಯೇ ಕಳೆಯಲಾಗದು. ಎರಡನ್ನೂ ಒಂದು ದಿನಕ್ಕೆ ತರಬೇಕು. ಏಳೂವರೆಯನ್ನು ೧೪ರಿಂದ ಗುಣಿಸಿ ೫ರಿಂದ ಭಾಗಿಸಿದರೆ, ಹಾವು ದಿನಕ್ಕೆ ೨೧ ಅಂಗುಲ ಒಳಗೆ ಹೋಗುತ್ತದೆ. ಎರಡೂಮುಕ್ಕಾಲನ್ನು ನಾಲ್ಕರಿಂದ ಗುಣಿಸಿದರೆ, ಬಾಲವು ದಿನಕ್ಕೆ ೧೧ ಅಂಗುಲ ಬೆಳೆಯುತ್ತದೆ. ಉಳಿದ ಗತಿ ದಿನಕ್ಕೆ ೧೦ ಅಂಗುಲ. ಹಸ್ತಕ್ಕೆ ೨೪ ಅಂಗುಲಗಳಾದುದರಿಂದ ಹಾವಿನ ಉದ್ದ ೧೯೨೦ ಅಂಗುಲ. ಆದಕಾರಣ ೧೯೨ ದಿನಗಳು ಬೇಕು.

ಇಲ್ಲಿ ನಡೆದುದೇನು? ಅಂಗುಲಗಳನ್ನು ದಿನಗಳಿಗೆ ಹಂಚಿದಂತೆ ಕಂಡರೂ, ನಿಜವಾಗಿ ಮಾಡಿದುದು "ಇಷ್ಟು ಕಾಲಕ್ಕೆ ಇಷ್ಟಾದರೆ ಒಂದು ದಿನಕ್ಕೆ ಎಷ್ಟು?" ಎಂಬ ತ್ರೈರಾಶಿಕ. ಭಾಗಿಸಿದುದು ಒಂದು ಸಂಖ್ಯೆಯನ್ನು ಇನ್ನೊಂದು ಸಂಖ್ಯೆಯಿಂದ. ಬಂದ ಉತ್ತರಕ್ಕೆ "ದಿನಕ್ಕೆ" ಎಂಬ ಮಾತನ್ನು ಕಟ್ಟಿಕೊಟ್ಟಿದ್ದೇವೆ. ಆ ಮಾತು ಅಲಂಕಾರಕ್ಕೆ ಬಂದುದಲ್ಲ. ಅದಿಲ್ಲದಿದ್ದರೆ ೨೧ರಿಂದ ೧೧ನ್ನು ಕಳೆಯಲು ನಮಗೆ ಅಧಿಕಾರವೇ ಇರುತ್ತಿರಲಿಲ್ಲ.

೩. ಪಾಶ್ಚಾತ್ಯರ ಸಂಕೋಚ

ಗ್ರೀಕರು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿದ್ದರು. ಯೂಕ್ಲಿಡನ ಐದನೆಯ ಪುಸ್ತಕದಲ್ಲಿ ಅನುಪಾತವೆಂಬುದು ಒಂದೇ ಜಾತಿಯ ಎರಡು ಪರಿಮಾಣಗಳ ನಡುವಣ ಸಂಬಂಧ. ಆ ಮತದ ಪ್ರಕಾರ ದೂರಕ್ಕೂ ಕಾಲಕ್ಕೂ ಅನುಪಾತವಿರಲಾರದು. ನಮ್ಮ ವಿದ್ಯಾರ್ಥಿಯ ಆಕ್ಷೇಪಣೆಯೂ ಇದೇ. ಹತ್ತೊಂಬತ್ತು ಶತಮಾನಗಳ ಬಳಿಕವೂ ಗೆಲಿಲಿಯೋ ತನ್ನ ೧೬೩೮ರ ಗ್ರಂಥದಲ್ಲಿ ದೂರವನ್ನು ಕಾಲದಿಂದ ಭಾಗಿಸಲಿಲ್ಲ. ದೂರವನ್ನು ದೂರದೊಡನೆ, ಕಾಲವನ್ನು ಕಾಲದೊಡನೆ ಹೋಲಿಸಿ, ಆ ಎರಡು ಅನುಪಾತಗಳನ್ನು ಪರಸ್ಪರ ಸಂಬಂಧಿಸಿದನು.

ಎರಡು ದಾರಿಗಳೂ ಒಂದೇ ಊರಿಗೆ ಸೇರುತ್ತವೆ. ನೌಬಾದದಿಂದ ಭಾಲ್ಕಿಯ ದಾರಿ ಹಿಡಿದ ಪಾದಚಾರಿಯೊಬ್ಬನು ೩ ಗಂಟೆಗಳಲ್ಲಿ ೧೨ ಕಿಲೋಮೀಟರು ನಡೆದನೆನ್ನೋಣ. ೫ ಗಂಟೆಗಳಲ್ಲಿ ಎಷ್ಟು ನಡೆದಾನು? ಗ್ರೀಕರ ರೀತಿಯಲ್ಲಿ, ಐದು ಗಂಟೆಗೆ ಮೂರು ಗಂಟೆ ಹೇಗೋ ಬೇಕಾದ ದೂರಕ್ಕೆ ಹನ್ನೆರಡು ಕಿಲೋಮೀಟರು ಹಾಗೆ, ಉತ್ತರ ೨೦. ಇಂದಿನ ರೀತಿಯಲ್ಲಿ, ಗಂಟೆಗೆ ೪ ಕಿಲೋಮೀಟರು, ಐದು ಗಂಟೆಗೆ ೨೦. ಎರಡನೆಯ ರೀತಿಯಲ್ಲಿ ವೇಗವೆಂಬ ಹೊಸ ಜಾತಿಯ ರಾಶಿಯೊಂದು ಹುಟ್ಟಿಕೊಂಡಿದೆ. ಮೊದಲನೆಯದರಲ್ಲಿ ಅದರ ಅವಶ್ಯಕತೆಯೇ ಬೀಳಲಿಲ್ಲ. ಹೀಗೆ ಹುಟ್ಟುವ ರಾಶಿಗಳ ಜಾತಿಯನ್ನು ಕ್ರಮವಾಗಿ ಗುರುತಿಸಿ, ಸಮೀಕರಣದ ಎರಡು ಬದಿಗಳಲ್ಲಿಯೂ ಅದು ಒಂದೇ ಆಗಿರಬೇಕೆಂಬ ನಿಯಮವನ್ನು ಸ್ಥಾಪಿಸಿದವನು ಫ್ರೆಂಚ್ ವಿದ್ವಾಂಸ ಫೂರಿಯೆ. ಅದು ಉಷ್ಣವನ್ನು ಕುರಿತ ಅವನ ೧೮೨೨ರ ಗ್ರಂಥದಲ್ಲಿದೆ. ಆದ್ದರಿಂದ ಪ್ರಮಾಣವೂ ಇಚ್ಛೆಯೂ ಸಜಾತಿಯವಾಗಿರಬೇಕೆಂಬ ನಮ್ಮವರ ಕಟ್ಟಳೆಯು ಇಂದಿನ ಭೌತಶಾಸ್ತ್ರದಲ್ಲಿಯೂ ಬೇರೊಂದು ರೂಪದಲ್ಲಿ ಜೀವಂತವಾಗಿದೆಯೆನ್ನಬಹುದು.

೪. ಸಂಬಂಧವು ಎಲ್ಲೆಡೆಯೂ ಸರಳವಲ್ಲ

ಇನ್ನು ಎರಡನೆಯ ಪ್ರಶ್ನೆ. ಮೇಲಿನ ಪಾದಚಾರಿಯು ೫೦ ಗಂಟೆಗಳಲ್ಲಿ ೨೦೦ ಕಿಲೋಮೀಟರು ನಡೆಯುವನೆಂದು ತ್ರೈರಾಶಿಕವು ಹೇಳುತ್ತದೆ. ಅವನು ಉಣ್ಣಬೇಕು, ನಿದ್ರಿಸಬೇಕು ಎಂಬುದು ತ್ರೈರಾಶಿಕಕ್ಕೆ ತಿಳಿಯದು. ಲೆಕ್ಕದ ಕ್ರಮವು ತಾನಾಗಿ ಸಂಬಂಧವನ್ನು ಹುಟ್ಟಿಸಲಾರದು. ಸಂಬಂಧವು ವಸ್ತುವಿನಲ್ಲಿ ಇರಬೇಕು, ಅದನ್ನು ಮೊದಲು ವಿಚಾರಿಸಿ ತಿಳಿಯಬೇಕು.

ಪ್ರಾಚೀನರು ಇದನ್ನೂ ಬಲ್ಲರು. ಇಚ್ಛೆ ಹೆಚ್ಚಿದಂತೆ ಫಲವು ಕುಗ್ಗುವ ಕಡೆ ವ್ಯಸ್ತ ತ್ರೈರಾಶಿಕವನ್ನು ಪ್ರಯೋಗಿಸಬೇಕೆಂದು ೬೨೮ರ ಬ್ರಹ್ಮಗುಪ್ತನೂ, ಬಳಿಕ ಮಹಾವೀರನೂ, ೧೧೫೦ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯನೂ ವಿಧಿಸಿದ್ದಾರೆ. ಭಾಸ್ಕರನ ಉದಾಹರಣೆ ಧಾನ್ಯದ ರಾಶಿಯದು: ೭ ಆಢಕದ ಅಳತೆಯಿಂದ ೧೦೦ ಸಲ ಅಳೆದ ಧಾನ್ಯವನ್ನು ೫ ಆಢಕದ ಅಳತೆಯಿಂದ ಅಳೆದರೆ ೧೪೦ ಸಲವಾಗುತ್ತದೆ. ಅಳತೆ ಚಿಕ್ಕದಾದಷ್ಟೂ ಎಣಿಕೆ ದೊಡ್ಡದು. ೧೯೫೬ರ ಕಾನೂನಿನ ಮೇರೆಗೆ ೧೯೫೮ರಿಂದ ಸೇರುಗಳು ಹೋಗಿ ಕಿಲೋಗ್ರಾಮುಗಳು ಬರತೊಡಗಿದಾಗ ನಮ್ಮ ಪೇಟೆಗಳ ವರ್ತಕರು ಇದೇ ಲೆಕ್ಕವನ್ನು ದಿನವೂ ಮಾಡಬೇಕಾಯಿತು.

ಆದರೆ ಪ್ರಕೃತಿಯ ಸಂಬಂಧಗಳು ಸರಳ, ವ್ಯಸ್ತ ಎಂಬ ಈ ಎರಡರಲ್ಲಿಯೇ ಮುಗಿಯುವುದಿಲ್ಲ. ಗಾಳಿಬಾವಿಯೊಳಕ್ಕೆ ಕಲ್ಲೊಂದು ಜಾರಿತೆನ್ನೋಣ. ಮೊದಲನೆಯ ಸೆಕೆಂಡಿನ ಕೊನೆಗೆ ಅದು ಸುಮಾರು ೪.೯ ಮೀಟರು ಬಿದ್ದಿರುತ್ತದೆ. ಎರಡನೆಯ ಸೆಕೆಂಡಿನ ಕೊನೆಗೆ, ಬಾವಿ ಅಷ್ಟು ಆಳವಾಗಿದ್ದರೆ, ಅದು ಬಿದ್ದ ದೂರ ೯.೮ ಅಲ್ಲ, ೧೯.೬ ಮೀಟರು. ಕಾಲವು ಇಮ್ಮಡಿಯಾದರೆ ದೂರವು ನಾಲ್ಮಡಿ. ದೂರವು ಕಾಲದ ವರ್ಗವನ್ನು ಅನುಸರಿಸುತ್ತದೆಂಬ ಈ ನಿಯಮವೇ ಗೆಲಿಲಿಯೋವಿನ ಗ್ರಂಥದ ತಿರುಳು.

೫. ಕರೇಜು ಕಲಿಸುವ ಪಾಠ

ಈಗ ಸುರಂಗಕ್ಕೆ ಮರಳೋಣ. ಒಂದೇ ಕರೇಜಿನಲ್ಲಿ ಬೇರೆ ಬೇರೆ ಬಗೆಯ ಸಂಬಂಧಗಳು ಅಡಗಿರುವುದು ವಿಸ್ಮಯಕರವಾಗಿದೆ.

ನೆಲವು ಸುರಂಗದ ಬಾಯಿಯಿಂದ ಹಿಂದಕ್ಕೆ ಏರುತ್ತಾ ಹೋಗುತ್ತದೆ. ಸುರಂಗವೂ ಏರುತ್ತದೆ, ಆದರೆ ಅದಕ್ಕಿಂತ ಬಹಳ ಮೆಲ್ಲಗೆ. ವಿವರಣೆಗಾಗಿ, ನೆಲವು ನೂರಕ್ಕೆ ಒಂದರಂತೆಯೂ ಸುರಂಗವು ಸಾವಿರಕ್ಕೆ ಒಂದರಂತೆಯೂ ಏರುವುದೆಂದು ಊಹಿಸೋಣ. ಬಾಯಿಯಿಂದ ೫೦೦ ಮೀಟರು ದೂರದಲ್ಲಿ ನೆಲವು ೫ ಮೀಟರು ಏರಿರುತ್ತದೆ, ಸುರಂಗವು ಅರ್ಧ ಮೀಟರು. ಅಲ್ಲಿನ ಗಾಳಿಬಾವಿಯ ಆಳ ಬಾಯಿಯ ಬಳಿಗಿಂತ ನಾಲ್ಕೂವರೆ ಮೀಟರು ಹೆಚ್ಚು. ೧೦೦೦ ಮೀಟರು ದೂರದಲ್ಲಿ ಈ ಹೆಚ್ಚಳ ೯ ಮೀಟರು. ದೂರ ಇಮ್ಮಡಿಯಾದರೆ ಹೆಚ್ಚಳವೂ ಇಮ್ಮಡಿ: ಇದು ಶುದ್ಧ ತ್ರೈರಾಶಿಕ. ಪ್ರತಿಯೊಂದು ಬಾವಿಯನ್ನೂ ಎಷ್ಟು ಆಳಕ್ಕೆ ಇಳಿಸಬೇಕೆಂಬುದನ್ನು ಅಗೆಯುವವರು ಮೊದಲೇ ಅರಿಯಬೇಕಾದುದರಿಂದ ಮಟ್ಟವನ್ನು ನೋಡುವ ವಿದ್ಯೆ ಅವರಿಗೆ ಅತ್ಯಾವಶ್ಯಕ. ಪಾರಸಿಕ ಗಣಿತಜ್ಞನಾದ ಅಲ್-ಕರಜಿಯು ಗುಪ್ತಜಲವನ್ನು ಹೊರತೆಗೆಯುವುದನ್ನು ಕುರಿತು ಸುಮಾರು ೧೦೧೭ರಲ್ಲಿ ಬರೆದ ಗ್ರಂಥದಲ್ಲಿ ಈ ಮಟ್ಟನೋಟದ ಉಪಕರಣಗಳನ್ನು ವರ್ಣಿಸಿದ್ದಾನೆ.

ನೀರಿನ ವೇಗದ ಸಂಗತಿ ಬೇರೆ. ಸುರಂಗದಲ್ಲಿ ನೀರು ಒಂದೇ ವೇಗದಿಂದ ಹರಿಯುತ್ತಿರುವಾಗ, ಅದನ್ನು ಕೆಳಕ್ಕೆಳೆಯುವ ಭಾರವೂ ನೆಲ ಗೋಡೆಗಳು ಒಡ್ಡುವ ಘರ್ಷಣೆಯೂ ಸಮತೂಕದಲ್ಲಿರುತ್ತವೆ. ಎಳೆತವು ಇಳಿಜಾರಿನಷ್ಟೇ ಬೆಳೆಯುತ್ತದೆ. ಆದರೆ ಘರ್ಷಣೆಯು ವೇಗದ ವರ್ಗದಂತೆ ಬೆಳೆಯುತ್ತದೆ. ಆದಕಾರಣ ನೀರಿನ ಆಳವೂ ಗೋಡೆಯ ಒರಟುತನವೂ ಬದಲಾಗದೆ ಇಳಿಜಾರು ಮಾತ್ರ ಇಮ್ಮಡಿಯಾದರೆ ವೇಗವು ಸುಮಾರು ೧.೪ರಷ್ಟಾಗುತ್ತದೆ, ವೇಗವನ್ನು ಇಮ್ಮಡಿಸಬೇಕಾದರೆ ಇಳಿಜಾರು ನಾಲ್ಮಡಿಯಾಗಬೇಕು. ಈ ವರ್ಗಮೂಲದ ನಿಯಮವನ್ನು ಕಂಡುಕೊಂಡವನು ಹದಿನೆಂಟನೆಯ ಶತಮಾನದ ಫ್ರೆಂಚ್ ಇಂಜಿನಿಯರ್ ಷೆಜಿ.

ಕರೇಜನ್ನು ತೋಡಿದವರ ಕೈಯಲ್ಲಿ ಈ ನಿಯಮವಿರಲಿಲ್ಲ. ಆದರೂ ಇಳಿಜಾರನ್ನು ಹೆಚ್ಚಿಸುವ ಆಸೆಗೆ ಅವರು ಬೀಳಬಾರದಾಗಿತ್ತು. ಸುರಂಗವು ಕಡಿದಾಗಿ ಏರಿದರೆ ಅದು ಹಿಂದಕ್ಕೆ ಹೋದಂತೆ ಬೇಗನೆ ನೆಲದ ಮಟ್ಟಕ್ಕೆ ಸಮೀಪಿಸಿ, ಕೆಳಗಿರುವ ಜಲವನ್ನು ಮುಟ್ಟದೆ ಹೋಗುತ್ತದೆ; ನೀರು ರಭಸದಿಂದ ಹರಿದರೆ ತಳವೂ ಕೊರೆಯುತ್ತದೆ. ಮೆಲ್ಲನೆಯ ಇಳಿಜಾರೇ ಈ ಬಗೆಯ ಜಲಮಾರ್ಗದ ಪ್ರಾಣ.

೬. ಉಪಸಂಹಾರ

ಇಷ್ಟು ವಿಚಾರದಿಂದ ವಿದ್ಯಾರ್ಥಿಗಳಿಗೂ ಬೋಧಕರಿಗೂ ಉಪಯೋಗವಾಗಬಲ್ಲ ಮೂರು ಮಾತುಗಳನ್ನು ಹೇಳಬಹುದು. ಎರಡು ರಾಶಿಗಳ ಸಂಬಂಧವನ್ನು ಬರೆಯುವ ಮುನ್ನ ಅವುಗಳ ಜಾತಿ ಯಾವುದೆಂದು ಕೇಳಬೇಕು. ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚುವುದೋ ಕುಗ್ಗುವುದೋ, ಹೆಚ್ಚಿದರೆ ಅಷ್ಟೇ ಹೆಚ್ಚುವುದೋ, ವರ್ಗದಂತೆಯೋ ವರ್ಗಮೂಲದಂತೆಯೋ ಎಂದು ಕೇಳಿ, ಅದಕ್ಕೆ ಕಾರಣವನ್ನು ವಸ್ತುವಿನಲ್ಲಿಯೇ ಹುಡುಕಬೇಕು. ಕಡೆಯದಾಗಿ, ಆ ಸಂಬಂಧವು ಎಲ್ಲಿಯವರೆಗೆ ಸಲ್ಲುತ್ತದೆಂಬ ಎಲ್ಲೆಯನ್ನು ತಿಳಿಯಬೇಕು.

ಸೂತ್ರವನ್ನು ಬಾಯಿಪಾಠ ಮಾಡಿದವನು ಪರೀಕ್ಷೆಯಲ್ಲಿ ತೇರ್ಗಡೆಯಾದಾನು. ಆದರೆ ಸೂತ್ರದಲ್ಲಿಲ್ಲದ ಪ್ರಶ್ನೆಯೊಂದು ಎದುರಾದಾಗ ಎಲ್ಲವನ್ನೂ ತ್ರೈರಾಶಿಕವೆಂದೇ ಭಾವಿಸಿ ಎಡವುತ್ತಾನೆ. ಕರೇಜಿನ ಬಳಿ ಪ್ರಶ್ನೆ ಕೇಳಿದ ಇಬ್ಬರಲ್ಲಿ ಒಬ್ಬನು ಯೂಕ್ಲಿಡನ ಸಂಕೋಚವನ್ನು ತಾನೇ ಕಂಡುಕೊಂಡಿದ್ದನು; ಇನ್ನೊಬ್ಬಳು ತಪ್ಪಾದರೂ ಪರೀಕ್ಷಿಸಬಹುದಾದ ಊಹೆಯೊಂದನ್ನು ಮಂಡಿಸಿದ್ದಳು. ಇಂಥ ಪ್ರಶ್ನೆಗಳಿಗೆ "ಸುಮ್ಮನೆ ಬರೆದುಕೊ" ಎಂದು ಉತ್ತರಿಸಿದರೆ ನಾವು ಕಳೆದುಕೊಳ್ಳುವುದು ಒಬ್ಬ ವಿದ್ಯಾರ್ಥಿಯನ್ನು. ಮಳಖೇಡದ ಗಣಿತವೂ ನೌಬಾದದ ಸುರಂಗವೂ ನಮ್ಮ ಕಾಲ್ನಡಿಗೆಯ, ಬಸ್ಸಿನ ದೂರದಲ್ಲಿಯೇ ಇರುವಾಗ, ಭೌತಶಾಸ್ತ್ರದ ಬೋಧಕರೂ ಇತಿಹಾಸದ ಬೋಧಕರೂ ಒಟ್ಟಾಗಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಈ ಪ್ರಶ್ನೆಗಳನ್ನು ಅಲ್ಲಿಯೇ ಕೇಳಿಸುವುದು ಯುಕ್ತವೆಂದು ತೋರುತ್ತದೆ.