ಮೊಬೈಲಿನ ‘ಬೋನಸ್’ ನಂಬಬಹುದೇ? ಹಾಲಿನ ಲೆಕ್ಕದಲ್ಲೇ ನೋಡೋಣ

ಮೊಬೈಲಿನಲ್ಲಿ ಯಕ್ಷಗಾನ ನೋಡುತ್ತಿರುತ್ತೀರಿ. ನಡುವೆ ಒಂದು ಜಾಹೀರಾತು ಬರುತ್ತದೆ: ‘1,000 ರೂಪಾಯಿ ಹಾಕಿ, ಇನ್ನೊಂದು 1,000 ಬೋನಸ್ ಪಡೆಯಿರಿ.’ ವಾಟ್ಸ್‌ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ಇಂಥದ್ದೇ ಲಿಂಕ್ ಬರುವುದೂ ಉಂಟು. ಇದಕ್ಕೆ ಆನ್‌ಲೈನ್ ಕ್ಯಾಸಿನೋ ಎನ್ನುತ್ತಾರೆ. ಅಂದರ್ ಬಾಹರ್, ತಿರುಗುವ ಚಕ್ರ, ಮೇಲೇರುವ ವಿಮಾನ ಎಂದು ಆಟಗಳ ಹೆಸರು ಬೇರೆ ಬೇರೆ, ಕೆಲಸ ಒಂದೇ. ನಮ್ಮ ಕಡೆಗೆ ಜುಗಾರಿ ಹೊಸತೇನಲ್ಲ. ಆದರೆ ಕೋಳಿ ಅಂಕಕ್ಕೋ ಇಸ್ಪೀಟಿಗೋ ಗದ್ದೆಗೆ, ಹಾಡಿಗೆ ಹೋಗಬೇಕಿತ್ತು, ಹೋದವರು ನಾಲ್ಕು ಜನರ ಕಣ್ಣಿಗೆ ಬೀಳುತ್ತಿದ್ದರು. ಇದು ಮಲಗಿದಲ್ಲೇ, ಯಾರಿಗೂ ತಿಳಿಯದಂತೆ ನಡೆಯುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸಂಘಗಳಿಗೆ ಹಾಲು ಹಾಕುವ ನಿಮ್ಮಲ್ಲಿ ಹೆಚ್ಚಿನವರು ಅದನ್ನು ಒತ್ತಿಯೂ ನೋಡಿರಲಿಕ್ಕಿಲ್ಲ. ಆದರೆ ಮನೆಯ ಫೋನು ಒಬ್ಬರ ಕೈಯಲ್ಲೇ ಇರುವುದಿಲ್ಲ. ಹಾಲಿನ ಬಟವಾಡೆ ಬೀಳುವ ಖಾತೆ ನಿಮ್ಮದು, ಅದಕ್ಕೆ ಜೋಡಿಸಿದ ಯುಪಿಐ ಮಗನ ಫೋನಿನಲ್ಲಿ, ಇಂಥ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಈ ಬೋನಸ್ಸಿನ ಒಳಗೆ ಏನಿದೆ ಎಂದು ನೀವು ತಿಳಿದಿರಬೇಕು.

ಬಿಳಿಯಾಗಿ ಕಂಡ ಮಾತ್ರಕ್ಕೆ ಹಾಲು ಒಳ್ಳೆಯದೆಂದು ಸಂಘದಲ್ಲಿ ಯಾರೂ ಒಪ್ಪುವುದಿಲ್ಲ. ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ನೋಡುತ್ತಾರೆ, ಫ್ಯಾಟ್ ತೆಗೆಯುತ್ತಾರೆ. ಬೋನಸ್ಸಿನ ಡಿಗ್ರಿ ಇರುವುದು ಅದರ ಷರತ್ತಿನಲ್ಲಿ, ಜಾಹೀರಾತಿನ ಕೆಳಗೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಅಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಬೋನಸ್ ಹಣವನ್ನು ಹಾಗೆಯೇ ತೆಗೆಯುವಂತಿಲ್ಲ, ಮೊದಲು ಅದರ 30 ಪಟ್ಟು ಹಣವನ್ನು ಪಣಕ್ಕೆ ಒಡ್ಡಬೇಕು. 1,000ದ 30 ಪಟ್ಟು ಎಂದರೆ 30,000 ರೂಪಾಯಿ. ಕೈಯಿಂದ ಅಷ್ಟು ಹಾಕಬೇಕೆಂದಲ್ಲ, ಗೆದ್ದದ್ದನ್ನು ಮತ್ತೆ ಮತ್ತೆ ಹಾಕುತ್ತಾ ಒಟ್ಟು 30,000 ರೂಪಾಯಿಯ ಆಟ ಆಡಬೇಕು.

ಈಗ ಆಟ ಪೂರ್ತಿ ಪ್ರಾಮಾಣಿಕವೆಂದೇ ಇಟ್ಟುಕೊಳ್ಳಿ. ಹಾಕಿದ 100 ರೂಪಾಯಿಯಲ್ಲಿ ಸರಾಸರಿ 96 ಆಡುವವರಿಗೆ ಮರಳುತ್ತದೆ, 4 ನಡೆಸುವವರಿಗೆ ಉಳಿಯುತ್ತದೆ ಎನ್ನೋಣ. 30,000ಕ್ಕೆ 4ರಂತೆ 1,200 ರೂಪಾಯಿ. ಸಿಕ್ಕ ಬೋನಸ್ 1,000, ಅದನ್ನು ಬಿಡಿಸಿಕೊಳ್ಳಲು ಸರಾಸರಿ ಕಳೆದುಕೊಳ್ಳುವುದು 1,200. ಕೆಲವು ಕಡೆ 30 ಪಟ್ಟನ್ನು ಬೋನಸ್ಸಿಗೆ ಮಾತ್ರವಲ್ಲ, ನೀವು ಹಾಕಿದ ಹಣಕ್ಕೂ ಸೇರಿಸಿ ಲೆಕ್ಕ ಹಾಕುತ್ತಾರೆ. ಆಗ 60,000ದ ಆಟ, 2,400 ರೂಪಾಯಿ ನಷ್ಟ. ಒಬ್ಬರು ಗೆಲ್ಲಬಹುದು, ಇನ್ನೊಬ್ಬರದು ಪೂರ್ತಿ ಹೋಗಬಹುದು, ಆದರೆ ಒಟ್ಟು ಲೆಕ್ಕ ಬದಲಾಗುವುದಿಲ್ಲ.

ರಾಜ್ಯ ಸರಕಾರ 2025ರಲ್ಲಿ ಲೀಟರಿಗೆ ಕೊಡುತ್ತಿದ್ದ ಪ್ರೋತ್ಸಾಹಧನ 5 ರೂಪಾಯಿ. 1,200 ರೂಪಾಯಿ ಎಂದರೆ 240 ಲೀಟರಿನ ಪ್ರೋತ್ಸಾಹಧನ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ಅದು ಒಂದು ತಿಂಗಳದ್ದು.

ಷರತ್ತು ಅಲ್ಲಿಗೇ ಮುಗಿಯುವುದಿಲ್ಲ. ‘7 ದಿನದೊಳಗೆ’ ಎಂದೂ ಇರುತ್ತದೆ. 10 ರೂಪಾಯಿಯ ಆಟದಲ್ಲಿ 30,000 ತಲುಪಲು 3,000 ಸಲ ಒತ್ತಬೇಕು, ದಿನಕ್ಕೆ ಸುಮಾರು 430 ಸಲ. ಹುಲ್ಲು ಕೊಯ್ಯುವುದು, ಹಟ್ಟಿ ತೊಳೆಯುವುದು ಆಮೇಲೆ! ಬ್ರಿಟನ್ನಿನಲ್ಲಿ ಇಂಥ ಜೂಜಿಗೆ ಸರಕಾರದ ಪರವಾನಗಿ ಇದೆ. ಅಲ್ಲಿಯೂ ಈ ಪಟ್ಟು ಜನರಿಗೆ ಹಾನಿ ಮಾಡುತ್ತಿದೆಯೆಂದು ಜೂಜು ಆಯೋಗ 2025ರಲ್ಲಿ ಅದನ್ನು 10ಕ್ಕೆ ಮಿತಿಗೊಳಿಸುವ ನಿರ್ಧಾರ ಮಾಡಿತು.

ಇಷ್ಟೂ ಆಟ ಪ್ರಾಮಾಣಿಕವಾಗಿದ್ದರೆ ಹೇಳುವ ಮಾತು. ಹೌದೋ ಅಲ್ಲವೋ ನೋಡುವವರು ಯಾರು? ಸಂಘದಲ್ಲಿ ಫ್ಯಾಟ್ ಕಡಿಮೆ ಬಂತೆಂದು ಅನುಮಾನ ಬಂದರೆ ಇನ್ನೊಮ್ಮೆ ನೋಡಿ ಎಂದು ಕೇಳುತ್ತೀರಿ. ಕಾರ್ಯದರ್ಶಿ ಇದ್ದಾರೆ, ಅಧ್ಯಕ್ಷರಿದ್ದಾರೆ, ಒಕ್ಕೂಟದ ವಿಸ್ತರಣಾಧಿಕಾರಿ ಇದ್ದಾರೆ. ಈ ಆ್ಯಪ್‌ಗಳು ತೋರಿಸುವ ಪರವಾನಗಿ ಹಲವು ಸಲ ಕುರಾಸೋ ಎಂಬ ದೂರದ ಕೆರಿಬಿಯನ್ ದ್ವೀಪದ್ದು. ಬೈಂದೂರಿನಲ್ಲಿ ಕೂತು ಅಲ್ಲಿಗೆ ದೂರು ಕೊಡುವವರು ಯಾರು?

ನಮ್ಮ ಕಾನೂನು ಏನು ಹೇಳುತ್ತದೆ? ಕರ್ನಾಟಕ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಂತೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು, ಅದು ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಬ್ಯಾಂಕುಗಳೂ ಅದಕ್ಕೆ ಹಣ ದಾಟಿಸುವಂತಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋಗಿವೆಯಾದರೂ, ಹೆಸರಾಂತ ಕಂಪನಿಗಳು ಆ ತಿಂಗಳಲ್ಲೇ ಹಣದ ಆಟ ನಿಲ್ಲಿಸಿದವು. ಇದರ ಮೇಲೂ ಬೋನಸ್ ಕೊಡುತ್ತೇವೆಂದು ಕರೆಯುವವರು ಕಾನೂನಿಗೆ ಹೆದರದವರು. ನಿಮ್ಮ 1,000 ರೂಪಾಯಿಗೆ ಹೆದರುತ್ತಾರೆಯೇ? ಆದ್ದರಿಂದ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ.

ಹೋದ 1,000ಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ಆ್ಯಪ್‌ಗಳಿಗೆ ಹಣ ಹಾಕುವಾಗ ಯುಪಿಐಯಲ್ಲಿ ಕಾಣುವ ಹೆಸರು ಗಮನಿಸಿ. ಕಂಪನಿಯ ಹೆಸರಿರುವುದಿಲ್ಲ, ಯಾರೋ ಗುರುತಿಲ್ಲದ ವ್ಯಕ್ತಿಯದ್ದಿರುತ್ತದೆ. ಮುಂದಿನ ಸಲ ಬೇರೆಯವರದ್ದು. ಇವು ಬಾಡಿಗೆಗೆ ಪಡೆದ ಖಾತೆಗಳು. ಗೆದ್ದಿರಿ ಎಂದು ನಿಮಗೆ ಬರುವ ಹಣವೂ ಇಂಥ ಖಾತೆಯಿಂದಲೇ. ಅದು ಇನ್ಯಾರಿಗೋ ವಂಚಿಸಿ ತೆಗೆದ ಹಣವಾಗಿದ್ದರೆ, ಅವರು ಬೇರೆ ರಾಜ್ಯದಲ್ಲಿ ದೂರು ಕೊಟ್ಟಾಗ ಹಣ ಹೋದ ದಾರಿಯ ಖಾತೆಗಳನ್ನು ತಡೆಹಿಡಿಯಲಾಗುತ್ತದೆ. 500 ರೂಪಾಯಿ ಗೆದ್ದ ತಪ್ಪಿಗೆ ಹಾಲಿನ ಬಟವಾಡೆ ಬೀಳುವ ಖಾತೆ ಮುಚ್ಚಿದರೆ ಹಿಂಡಿಯ ಹಣ, ದನದ ಸಾಲದ ಕಂತು, ಸ್ವಸಹಾಯ ಸಂಘದ ವಾರದ ಕಂತು ಎಲ್ಲವೂ ನಿಂತವು. ‘ನಿಮ್ಮ ಖಾತೆ ಕೊಡಿ, ತಿಂಗಳಿಗೆ ಇಷ್ಟು ಕಮಿಷನ್’ ಎಂದು ಯಾರಾದರೂ ಕೇಳಿದರಂತೂ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಯಾವುದನ್ನೂ ಕೊಡಬೇಡಿ. ಕೇಸು ಖಾತೆಯ ಹೆಸರಿನವರ ಮೇಲೇ ಬರುತ್ತದೆ.

ಇನ್ನೊಂದು ಉಪಾಯ ಮಾಡುತ್ತಾರೆ. ಮೊದಲು 200–300 ರೂಪಾಯಿ ತೆಗೆಯಲು ಬಿಡುತ್ತಾರೆ, ನಂಬಿಕೆ ಬರಲಿ ಎಂದು. ಮೊತ್ತ ದೊಡ್ಡದಾದಾಗ ‘ಮೊದಲು ತೆರಿಗೆ ಕಟ್ಟಿ, ಆಮೇಲೆ ಹಣ ಬಿಡುತ್ತೇವೆ’ ಎನ್ನುತ್ತಾರೆ. ಇಂಥ ಗೆಲುವಿನ ಮೇಲೆ ಶೇ. 30 ತೆರಿಗೆ ಇರುವುದು ನಿಜ, ಆದರೆ ಅದನ್ನು ಗೆದ್ದ ಹಣದಿಂದಲೇ ಹಿಡಿದುಕೊಳ್ಳುವುದು ಕ್ರಮ. ಮುಂಗಡ ಕೇಳಿದರೆ ಮೋಸವೆಂದೇ ತಿಳಿಯಿರಿ. ಪ್ಲೇ ಸ್ಟೋರಿನಿಂದಲ್ಲದೆ ಲಿಂಕಿನಿಂದ ಇಳಿಸಿದ ಆ್ಯಪ್ ಎಸ್‌ಎಂಎಸ್ ನೋಡಲು ಅನುಮತಿ ಕೇಳಿದರೆ ಒಟಿಪಿಯೂ ಅವರ ಕೈಗೆ ಹೋದಂತೆ.

ಈಗಾಗಲೇ ಹಣ ಹೋಗಿದ್ದರೆ? ಗದರುವುದು ಆಮೇಲಿರಲಿ. 1930ಕ್ಕೆ ಕೂಡಲೇ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಹಣ ಹೋದ ಮೆಸೇಜು, ವ್ಯವಹಾರದ ನಂಬ್ರ ಅಳಿಸಬೇಡಿ. ಹತ್ತಿರದ ಪೊಲೀಸ್ ಠಾಣೆಗೋ ಉಡುಪಿಯ ಸೆನ್ ಠಾಣೆಗೋ ಹೋಗಬಹುದು. 2025ರ ಕಾಯ್ದೆಯಲ್ಲಿ ಆಡಿದವರಿಗೆ ಶಿಕ್ಷೆ ಇಲ್ಲ, ಆದ್ದರಿಂದ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಫೀಸು ಕಳಿಸಿ’ ಎನ್ನುವವರು ಅದೇ ದಾರಿಯ ಮುಂದಿನ ಕಳ್ಳರು. ಸಾಲ ಮಾಡಿಕೊಂಡ ಮಗ ಮಾತು ಬಿಟ್ಟು, ಊಟ ಬಿಟ್ಟು ಕೂತರೆ ಅವನನ್ನು ಒಬ್ಬನೇ ಬಿಡಬೇಡಿ. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು, ಕನ್ನಡದಲ್ಲೇ.

ಮುಂದಿನ ಬಟವಾಡೆ ಬಿದ್ದಾಗ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬ್ರ ಯಾರದ್ದೆಂದು ಅಲ್ಲೇ ಕೇಳಿ, ನಿಮ್ಮದಲ್ಲದಿದ್ದರೆ ನಿಮ್ಮದನ್ನು ಹಾಕಿಸಿಕೊಳ್ಳಿ. ಗುರುತಿಲ್ಲದ ಹೆಸರಿಗೆ 100, 200, 500 ಎಂದು ಪದೇ ಪದೇ ಹಣ ಹೋಗಿದ್ದರೆ ಆ ಸಾಲುಗಳಿಗೆ ಗುರುತು ಹಾಕಿ ಮನೆಯಲ್ಲಿ ಕೇಳಿ.